ಲೈಟ್‌ಹೌಸ್ ಕಂಡ ಕೂಡಲೇ

ಜುಲೈ 17, 2024, ಬುಧವಾರ, ಉಡುಪಿ

ಮೊಹರಂ ರಜೆ. ಮಲ್ಪೆಗೆ, ಅಮ್ಮನ ಮನೆಗೆ ಹೋಗಿದ್ದೆ. ತುಳುವರ ಆಟಿ ತಿಂಗಳು ಶುರುವಾಗಿದೆ, ಮಳೆ ಬಿಡುವ ಲಕ್ಷಣ ಇಲ್ಲ. ಊಟ, ಅಮ್ಮನ ಕಾಲು ನೋವು, ಪುಟ್ಟಿಯ ಹೋಂವರ್ಕ್ ಎಲ್ಲ ಇದ್ದದ್ದೇ. ಬರೆಯಲು ಕೂತದ್ದು ಸಂಜೆ ಜಗಲಿಯಲ್ಲಿ ಅಣ್ಣ ಆಡಿದ ಮಾತಿಗಾಗಿ.

ಜೂನ್ 1ರಿಂದ ಜುಲೈ 31ರ ತನಕ ಮೀನಿನ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಈ ಎರಡು ತಿಂಗಳು ಅಣ್ಣ ಮನೆಯಲ್ಲೇ. ಅಂಗಡಿ ನಾಲ್ಕು ಹೆಜ್ಜೆ ದೂರ, ಕೈಯಲ್ಲಿ ಕೆಲಸ ಇಲ್ಲ. ಊಟ ಆದ ಮೇಲೆ ಚಹಾದ ತನಕ ನಾಲ್ಕು ಸಿಗರೇಟ್ ಎಳೆದ. ನಾನು ಎಣಿಸುತ್ತಿದ್ದೆ, ಅವನಿಗೂ ಅದು ಗೊತ್ತಿತ್ತು.

ಬೈಯಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಸುಮ್ನೆ ಕೇಳಿದೆ, "ಬೋಟಲ್ಲಿ ಎಷ್ಟು ಎಳೀತಿ ಅಣ್ಣ?"

"ಇರುವಷ್ಟು ದಿನ ಎಳೆಯೋದು. ಹತ್ತು ದಿನದ ಟ್ರಿಪ್ಪಲ್ಲಿ ಏಳನೇ ದಿನಕ್ಕೆ ಎಲ್ಲರದ್ದೂ ಖಾಲಿ, ಬೋಟು ನಡೆಸುವ ತಂಡೇಲನದ್ದೂ ಖಾಲಿ. ಒಂದು ದಿನ ತಲೆ ಬಿಸಿ. ಮತ್ತೆ ನೆನಪೂ ಆಗೋದಿಲ್ಲ ಮಾರಾಯ್ತಿ. ಬಲೆ ಎಳೆ, ಮೀನು ಹೆಕ್ಕು, ಮಲಗು. ಆದ್ರೆ ವಾಪಸ್ ಬರುವಾಗ ಕಾಪು ಲೈಟ್‌ಹೌಸಿನ ಬೆಳಕು ಕಾಣ್ತದಲ್ಲ, ಆಗ ಬಾಯಿ ಒಣಗ್ತದೆ. ಕಿಸೆಯಲ್ಲಿ ಎಂತದೂ ಇಲ್ಲ ಅಂತ ಗೊತ್ತು. ಆದ್ರೂ ಕೈ ಅಲ್ಲಿಗೇ ಹೋಗ್ತದೆ."

ನಾನು ಚಹಾದ ಲೋಟ ಕೆಳಗಿಟ್ಟೆ.

ಇದನ್ನೇ ನಾನು ಹೋದ ವಾರ ಓದಿದ್ದು. ಮಾಂಟ್ರಿಯಲ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸ. ಸಿಗರೇಟ್ ಸೇದುವ 10 ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಬೇರೆಯವರು ಸೇದುವ ವಿಡಿಯೊ ತೋರಿಸಿದರು. ಒಮ್ಮೆ 'ಮುಗಿದ ಕೂಡಲೇ ಸೇದಬಹುದು' ಅಂದರು, ಇನ್ನೊಮ್ಮೆ '4 ಗಂಟೆ ಕಾಯಬೇಕು' ಅಂದರು. ಈಗಲೇ ಸಿಗುತ್ತದೆ ಅಂತ ಗೊತ್ತಿದ್ದಾಗ ಆಸೆ ಜಾಸ್ತಿ ಏರಿತು. ಆಮೇಲೆ ಹಣೆಯ ಹಿಂದೆ ಎಡಭಾಗದ ಒಂದು ಜಾಗವನ್ನು ಮ್ಯಾಗ್ನೆಟ್‌ನಿಂದ ಸ್ವಲ್ಪ ಹೊತ್ತು ತಣ್ಣಗೆ ಮಾಡಿದರು, ಅಂದರೆ ಅದರ ಕೆಲಸ ಕಮ್ಮಿ ಮಾಡಿದರು. ಸಿಗರೇಟ್ ಹತ್ತಿರವೇ ಇದ್ದರೂ ಆಸೆ ಅಷ್ಟು ಏರಲಿಲ್ಲ. ಮನಸ್ಸು ಹಿಡಿತದಲ್ಲಿ ಇಟ್ಟುಕೊಳ್ಳಲು ನೆರವಾಗುವ ಜಾಗ ಅಂತ ಹೇಳುವುದು ಇದನ್ನೇ. 'ಈಗ ಸಿಗ್ತದೆ, ಈಗ ಸಿಗ್ತದೆ' ಅಂತ ಲೆಕ್ಕ ಹಾಕಿ ಆಸೆ ಏರಿಸುವುದರಲ್ಲೂ ಅದರ ಕೈ ಇದೆ.

ಅಣ್ಣನಿಗೆ ಹೇಳಿದೆ. "ತಲೆಗೆ ಕರೆಂಟು ಕೊಡೋದಾ?" ಅಂತ ಹೆದರಿದ.

ಅಲ್ಲ ಅಂದೆ. ಜಗಲಿಯ ಸಿಮೆಂಟು ನೆಲ ಒದ್ದೆ ಇತ್ತು. ಬೆರಳಲ್ಲಿ 8ರ ಹಾಗೆ ತಂತಿಯ ಸುರುಳಿ ಬರೆದು ತೋರಿಸಿದೆ. ಸೆಕೆಂಡ್ ಪಿಯುಸಿ ಮಕ್ಕಳಿಗೆ ನಾನು ಕಲಿಸುವುದು ಇದೇ, ಫ್ಯಾರಡೆ 1831ರಲ್ಲಿ ಕಂಡದ್ದು. ಸುರುಳಿಯಲ್ಲಿ ಕರೆಂಟು ಥಟ್ಟನೆ ಏರಿ ಇಳಿದರೆ ಮ್ಯಾಗ್ನೆಟ್‌ನ ಬಲವೂ ಏರಿ ಇಳಿಯುತ್ತದೆ. ಅದು ತಲೆಬುರುಡೆ ದಾಟಿ ಹೋಗಿ ಮಿದುಳಿನ ಒಳಗೇ ಸಣ್ಣ ಕರೆಂಟು ಹುಟ್ಟಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಕರ್ ಮತ್ತು ಅವರ ಜೊತೆಯವರು 1985ರಲ್ಲಿ ಇದನ್ನು ಮಾಡಿ ತೋರಿಸಿದರು. ಪ್ರಜ್ಞೆ ತಪ್ಪಿಸುವುದಿಲ್ಲ. ಕುರ್ಚಿಯಲ್ಲಿ ಕೂತರೆ ಆಯ್ತು, ಟಕ್ ಟಕ್ ಅಂತ ಸದ್ದು, ಅದಕ್ಕೆ ಕಿವಿಗೆ ಪ್ಲಗ್.

"ಅದರಿಂದ ಬಿಟ್ಟವರು ಉಂಟಾ?"

ಉಂಟು. ಅಮೆರಿಕದಲ್ಲಿ 2020ರಲ್ಲಿ ಸಿಗರೇಟ್ ಬಿಡಿಸಲು ಇದಕ್ಕೆ ಒಪ್ಪಿಗೆ ಸಿಕ್ಕಿದೆ. 262 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಮೊದಲು ಬೇಕಂತಲೇ ಆಸೆ ಬರಿಸಿ, ಆಮೇಲೆ ಮ್ಯಾಗ್ನೆಟ್. ಮಾಂಟ್ರಿಯಲ್‌ನ ಹಾಗೆ ತಣ್ಣಗೆ ಮಾಡುವುದಲ್ಲ, ಇಲ್ಲಿ ಮಿದುಳಿನ ಕೆಲವು ಭಾಗಗಳನ್ನು ಚುರುಕು ಮಾಡುವುದು. 18 ವಾರದ ಒಳಗೆ ಒಂದೇ ಸಮ 4 ವಾರ ಸೇದದೆ ಉಳಿದವರು 100ಕ್ಕೆ 19. ನಿಜವಾಗಿ ಏನೂ ಮಾಡದ ಸುಳ್ಳು ಯಂತ್ರ ಇಟ್ಟವರಲ್ಲಿ 100ಕ್ಕೆ 9. ಎರಡು ಪಟ್ಟು ಅಂತ ನಾನು ಉತ್ಸಾಹದಿಂದ ಹೇಳುತ್ತಿದ್ದೆ.

"ಉಳಿದ 81 ಜನ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮಳೆ ನೋಡುತ್ತಾ ಕೂತೆವು. ಆಮೇಲೆ, ನನ್ನ ಮುಖ ನೋಡದೆ ಕೇಳಿದ, "ಹಾಗಾದ್ರೆ ನನಗೆ ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ಅಲ್ವಾ?"

ಕಳೆದ ನವರಾತ್ರಿಯಲ್ಲಿ ಬಿಟ್ಟಿದ್ದ. 23 ದಿನ. ಮತ್ತೆ ಶುರು ಮಾಡಿದಾಗ ಇದೇ ಜಗಲಿಯಲ್ಲಿ, ಅತ್ತಿಗೆಯ ಎದುರು, ಪುಟ್ಟಿಯ ಎದುರು ನಾನು ಹೇಳಿದ್ದೆ: "ನಿನಗೆ ಮನಸ್ಸೇ ಗಟ್ಟಿ ಇಲ್ಲ. ಮಗಳಿಗಿಂತ ಸಿಗರೇಟ್ ದೊಡ್ಡದಾಯ್ತು." ಅವನು ಏನೂ ಹೇಳದೆ ಕೊಡೆ ಹಿಡಿದು ಹೊರಗೆ ಹೋಗಿದ್ದ. ಎಂಟು ತಿಂಗಳಿಂದ ಆ ಮಾತನ್ನು ಇಟ್ಟುಕೊಂಡಿದ್ದಾನೆ. ಎರಡು ಆಳೆತ್ತರದ ಅಲೆಯಲ್ಲಿ ಬಲೆ ಎಳೆಯುವವನಿಗೆ ನಾನು ಆಡಿದ ಮಾತು ಅದು. ಎಷ್ಟು ಸುಲಭವಾಗಿ ಆಡಿದೆ.

"ಅಲ್ಲ ಅಣ್ಣ" ಅಂದೆ. ತಪ್ಪಾಯ್ತು ಅನ್ನಬೇಕಿತ್ತು. ಪುಟ್ಟಿ ಬಂದಳು, ಆಗಲಿಲ್ಲ.

ಆ ಪರೀಕ್ಷೆಯಲ್ಲಿ ಮೂರು ವಾರ, ವಾರಕ್ಕೆ 5 ದಿನ ಹೋಗಬೇಕಿತ್ತು. ಮತ್ತೆ ಮೂರು ವಾರ, ವಾರಕ್ಕೆ ಒಮ್ಮೆ. ಬೋಟು ಇಳಿಯಲು ಇನ್ನು ಎರಡೇ ವಾರ ಉಂಟು. ನಾಳೆಯೇ ಶುರು ಮಾಡಿದರೂ ಮುಗಿಯುವುದಿಲ್ಲ. ಅದು ಇಲ್ಲಿ ಸಿಕ್ಕಿದರೆ, ಆ ಖರ್ಚು ನಮ್ಮಿಂದ ಆದರೆ, ಎಲ್ಲ ಆಮೇಲಿನ ಮಾತು. ಮೊದಲು ಡಾಕ್ಟರ ಹತ್ತಿರ ಹೋಗುವುದು, ನಿಕೋಟಿನ್ ಗಮ್ ಕೇಳುವುದು. ಇಷ್ಟಕ್ಕೆ ಒಪ್ಪಿದ್ದಾನೆ.

ಅವನ ಸಿಗರೇಟ್ ಪ್ಯಾಕ್ ಯಾವಾಗಲೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಮೇಲೆ ರಬ್ಬರ್ ಬ್ಯಾಂಡ್. ಬೋಟಿನ ಅಭ್ಯಾಸ, ಮನೆಯಲ್ಲೂ ಹಾಗೇ. ಬಿಚ್ಚಿ ತೋರಿಸಿದೆ, ಚಿತ್ರದ ಜೊತೆ ನಂಬರ್ ಉಂಟು: 1800-11-2356. ಬಿಡಲು ಸಹಾಯ ಮಾಡುವವರದ್ದು, ದುಡ್ಡಿಲ್ಲ. "ಇಷ್ಟು ವರ್ಷ ಕಿಸೆಯಲ್ಲೇ ಇತ್ತಾ ಇದು?" ಅಂದ. ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ತುಂಬ ಹೊತ್ತು ಅದನ್ನೇ ನೋಡಿದ.

ಬಸ್ಸಲ್ಲಿ ಬರುವಾಗ ಒಂದು ಹೊಳೆಯಿತು. ಲೈಟ್‌ಹೌಸ್ ಕಾಣುವಾಗಲೇ ಮೊಬೈಲಿಗೆ ನೆಟ್‌ವರ್ಕ್ ಕೂಡ ಸಿಗ್ತದೆ ಅಂತ ಅವನೇ ಒಮ್ಮೆ ಹೇಳಿದ್ದ. ಆ ಬೆಳಕು ಕಂಡ ಕೂಡಲೇ ನನಗೊಂದು ಫೋನ್ ಮಾಡು, ಕ್ಲಾಸಲ್ಲಿದ್ದರೂ ಎತ್ತುತ್ತೇನೆ, ದಕ್ಕೆಗೆ ಬಂದು ಕಟ್ಟುವ ತನಕ ಮಾತಾಡುತ್ತಾ ಇರುವ ಅಂತ ಹೇಳಬಹುದಿತ್ತು. ತಪ್ಪಾಯ್ತು ಅನ್ನುವುದೂ ಬಾಕಿ ಉಂಟು. ಈಗ ಹತ್ತೂ ಮುಕ್ಕಾಲು. ಮಲಗಿರಬಹುದು. ಅಥವಾ ಜಗಲಿಯಲ್ಲಿ