ದೊಡ್ಡ ಸ್ಪೀಕರ್ ಕೇಳುವ ಮೊದಲು ವಾಲ್ಯೂಮ್ ಸರಿ ಮಾಡಿ

ನಾನು ಬೆಂಗಳೂರಿನ ಒಂದು ಆಡಿಯೋ ಶೋರೂಮಿನಲ್ಲಿ ಡೆಮೊ ಕೊಡುವ ಕೆಲಸ ಮಾಡುತ್ತೇನೆ. ಎರಡು ಬೇರೆ ಕಂಪನಿಗಳ ಸ್ಪೀಕರ್ ಆದರೆ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ತಲೆನೋವು ಶುರುವಾಗುವುದು ಒಂದೇ ಕಂಪನಿಯ ಮೂರ್ನಾಲ್ಕು ಮಾಡೆಲ್ ಸಾಲಾಗಿ ನಿಂತಾಗ. ಫೋನಿನಲ್ಲಿ ಮಾತಾಡಿದ್ದು ಅಣ್ಣನೋ ತಮ್ಮನೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ಆಗ ಗಿರಾಕಿ ಕಿವಿ ಬಿಟ್ಟು ಬೆಲೆಯ ಚೀಟಿ ನೋಡಲು ಶುರು ಮಾಡುತ್ತಾರೆ.

ನಾನು ಜಾಸ್ತಿ ಕೇಳಿಸಿರುವುದು ಕೆಇಎಫ್ ಸ್ಪೀಕರ್‌ಗಳನ್ನು. 1961ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ರೇಮಂಡ್ ಕುಕ್ ಶುರು ಮಾಡಿದ ಕಂಪನಿ ಇದು. ಇವರ ಗುರುತು ಯೂನಿ-ಕ್ಯೂ ಡ್ರೈವರ್ (ಸ್ಪೀಕರಿನಲ್ಲಿ ಸದ್ದು ಹೊರಡಿಸುವ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ). 1988ರಲ್ಲಿ ಬಂತು. ಕೆಳಗಿನ ಸ್ವರ ಹಾಡುವ ವೂಫರಿನ ನಡುಮಧ್ಯದಲ್ಲೇ ಮೇಲಿನ ಸ್ವರ ಹಾಡುವ ಟ್ವೀಟರ್ ಕೂತಿರುತ್ತದೆ. ಹಾಗಾಗಿ ಸೋಫಾದ ತುದಿಯಲ್ಲಿ ಕೂತವರಿಗೂ ಹಾಡುವವರ ದನಿ ಹೆಚ್ಚು ಬದಲಾಗುವುದಿಲ್ಲ.

2017ರ ಕ್ಯೂ ಸರಣಿಯ ಕ್ಯೂ150 ಮತ್ತು ಕ್ಯೂ350 ತಗೊಳ್ಳಿ. ಚಿಕ್ಕದರಲ್ಲಿ ಐದೂಕಾಲು ಇಂಚಿನ ಡ್ರೈವರ್, ದೊಡ್ಡದರಲ್ಲಿ ಆರೂವರೆ. ಎರಡೂ ಟೂ-ವೇ, ಅಂದರೆ ಸದ್ದನ್ನು ಎರಡು ಪಾಲು ಮಾಡಿ ಹಾಡುವಂಥವು, ಎರಡರಲ್ಲೂ ವೂಫರಿನಿಂದ ಟ್ವೀಟರಿಗೆ ಕೆಲಸ ದಾಟುವುದು 2.5 ಕಿಲೋಹರ್ಟ್ಜ್ ಹತ್ತಿರ. ಹಾಡುವ ದನಿಯಲ್ಲಿ ಭಾರಿ ವ್ಯತ್ಯಾಸ ಇರಲು ಕಾರಣವೇ ಇಲ್ಲ. ಆದರೂ ಡೆಮೊದಲ್ಲಿ ಸುಮಾರು ಜನ ದೊಡ್ಡದರ ಕಡೆಗೇ ಕೈ ತೋರಿಸುತ್ತಾರೆ. ಯಾಕೆ? ಕ್ಯೂ150ರ ಸೆನ್ಸಿಟಿವಿಟಿ, ಅಂದರೆ ಅದೇ ವಾಲ್ಯೂಮಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ, 86 ಡೆಸಿಬೆಲ್, ಕ್ಯೂ350ರದು 87. ಆಂಪ್ಲಿಫೈಯರಿನ (ಆಂಪ್) ವಾಲ್ಯೂಮ್ ಮುಟ್ಟದೆ ಸುಮ್ನೆ ಸ್ವಿಚ್ ಬದಲಿಸಿದರೆ ದೊಡ್ಡದು 1 ಡೆಸಿಬೆಲ್ ಜೋರಾಗಿ ಹಾಡುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಕಿವಿ 'ಜೋರು' ಅಂತ ಗುರುತಿಸುವುದಿಲ್ಲ. 'ಚೆನ್ನಾಗಿದೆ', 'ತುಂಬಿ ಬರ್ತಿದೆ' ಅನ್ನುತ್ತದೆ.

ಮೈಸೂರಿನಿಂದ ಒಬ್ಬರು ಮಗಳ ಜೊತೆ ಬಂದಿದ್ದರು. ಸ್ವಿಚ್ ಒತ್ತಿದ ತಕ್ಷಣ ಅಪ್ಪ, "ದೊಡ್ಡದರಲ್ಲೇ ಜೀವ ಇದೆ ಕಣಮ್ಮ" ಅಂದರು. ನಾನು ಹಾಡು ನಿಲ್ಲಿಸಿ, ಸೋಫಾದಲ್ಲಿ ಅವರ ತಲೆ ಇದ್ದ ಎತ್ತರಕ್ಕೆ ಟ್ರೈಪಾಡ್ ಮೇಲೆ ಸೌಂಡ್ ಮೀಟರ್ ಇಟ್ಟೆ. ಪಿಂಕ್ ನಾಯ್ಸ್ ಹಾಕಿದೆ. ಸೋ ಅನ್ನುವ ಒಂದೇ ಸಮನಾದ ಸದ್ದು. ಮೊದಲು ಚಿಕ್ಕದರಲ್ಲಿ ಓದಿ ಬರೆದುಕೊಂಡೆ, ಆಮೇಲೆ ದೊಡ್ಡದರಲ್ಲಿ ಅದೇ ಅಂಕಿ ಬರುವವರೆಗೆ ವಾಲ್ಯೂಮ್ ಇಳಿಸಿದೆ. ಆಂಪಿನ ಡಿಸ್‌ಪ್ಲೇಯಲ್ಲಿ ಎರಡೇ ಎರಡು ಹೆಜ್ಜೆ ಕೆಳಗೆ. ಮತ್ತೆ ಅದೇ ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಕೇಳಿದರು: "ಈಗ ಹಾಡ್ತಾ ಇರೋದು ಯಾವುದಪ್ಪ?" ಮಗಳು ಮಾತ್ರ ಮೃದಂಗದ ತೊಪ್ಪಿಯ ಏಟು ಬಿದ್ದಾಗಲೆಲ್ಲ ಸರಿಯಾಗಿ ಹೇಳುತ್ತಿದ್ದಳು. ನಿಜವಾದ ವ್ಯತ್ಯಾಸ ಇದ್ದದ್ದು ಅಲ್ಲಿ, ಕೆಳಗಿನ ಬಾಸ್‌ನಲ್ಲಿ.

ಇನ್ನು ಸ್ಪೆಕ್ ಶೀಟ್ ಓದಿಕೊಂಡು ಬರುವವರು. ಅವರಿಗೆ ಬೇರೆ ಗೊಂದಲ. ಸದ್ದು ಎಷ್ಟು ಕೆಳಗಿನವರೆಗೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ ಅಂತ ಹೇಳುವ ಪ್ಲಸ್ ಮೈನಸ್ 3 ಡೆಸಿಬೆಲ್ ಸಾಲಿನಲ್ಲಿ (ಹರ್ಟ್ಜ್ ಕಡಿಮೆ ಆದಷ್ಟೂ ಬಾಸ್ ಆಳ) ಕ್ಯೂ150ಕ್ಕೆ 51 ಹರ್ಟ್ಜ್ ಅಂತಿದೆ, ದೊಡ್ಡ ಕ್ಯೂ350ಕ್ಕೆ 63. ಅಂದರೆ ಚಿಕ್ಕದರಲ್ಲೇ ಬಾಸ್ ಜಾಸ್ತಿನಾ? ಪಕ್ಕದಲ್ಲಿ, ಸದ್ದು 6 ಡೆಸಿಬೆಲ್ ಇಳಿಯುವುದು ಎಲ್ಲಿ ಅಂತ ಹೇಳುವ ಮೈನಸ್ 6 ಡೆಸಿಬೆಲ್ ಸಾಲು ನೋಡಿ: 47 ಮತ್ತು 42. ದೊಡ್ಡದರ ಬಾಸ್ ಬೇಗ ಇಳಿಯಲು ಶುರುವಾದರೂ ನಿಧಾನವಾಗಿ ಇಳಿಯುತ್ತಾ ಇನ್ನೂ ಕೆಳಗೆ ಹೋಗುತ್ತದೆ. ಒಂದೇ ಅಂಕಿ ಹಿಡಿದುಕೊಂಡು ವಾದ ಮಾಡುವವರ ಜೊತೆ ನಾನು ವಾದ ಮಾಡುವುದಿಲ್ಲ, ಕಾಫಿ ಕೊಡಿಸುತ್ತೇನೆ.

ಆ ಬಾಸ್ ಬೇಕಾ ಬೇಡವಾ ಅನ್ನುವುದನ್ನು ತೀರ್ಮಾನಿಸುವುದು ರೂಮು. ನಮ್ಮ ಕಡೆ ಮಾಮೂಲಿ 10x12 ಅಡಿ ರೂಮು ಅಂದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ, 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಜ್, 10 ಅಡಿ ಅಗಲಕ್ಕೆ 56 ಹರ್ಟ್ಜ್ ಹತ್ತಿರ ಗುಂಯ್ ಅನ್ನುತ್ತದೆ. ಅಲ್ಲಿಗೆ ಬಾಸ್ ಜಾಸ್ತಿ ಕೊಡುವ ಸ್ಪೀಕರ್ ತಂದರೆ ಆ ಗುಂಯ್ ಕೂಡ ಜಾಸ್ತಿ. ಎರಡೂ ಮಾಡೆಲ್‌ಗೆ ಹಿಂಬದಿಯಲ್ಲಿ ಗಾಳಿಯ ಪೋರ್ಟ್, ಅಂದರೆ ತೂತು, ಬೇರೆ ಇದೆ. ಶೋಕೇಸ್ ಒಳಗೆ ಗೋಡೆಗೆ ಒತ್ತಿ ಇಟ್ಟರೆ ಮೃದಂಗ ಡ್ರಮ್ ಆಗುತ್ತದೆ. ಹಾಲ್ ದೊಡ್ಡದಿದ್ದು, ಊಟದ ಮನೆಯ ಕಡೆಗೆ ತೆರೆದುಕೊಂಡಿದ್ದರೆ ಕ್ಯೂ350ಗೆ ಅರ್ಥ ಇದೆ. ಮಲಗುವ ಕೋಣೆಗೆ ನಾನಂತೂ ಹೇಳುವುದಿಲ್ಲ.

ಬಜೆಟ್ ಹಾಕುವಾಗ ಜನ ಸ್ಟ್ಯಾಂಡನ್ನು ಮರೆತೇಬಿಡುತ್ತಾರೆ. ಚಿಕ್ಕ ಸ್ಪೀಕರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ, ಸ್ಟ್ಯಾಂಡಿಲ್ಲದೆ ನೆಲದ ಮೇಲೇ ನಿಲ್ಲುವ ಎತ್ತರದ ಫ್ಲೋರ್‌ಸ್ಟ್ಯಾಂಡರ್‌ನಷ್ಟೇ ಜಾಗ ಹಿಡಿಯುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತಳ ಭಾರವಿರುವ ಸ್ಟ್ಯಾಂಡೇ ಬೇಕು.

ಜಾಸ್ತಿ ದುಡ್ಡು ಎಲ್ಲಿ ಹೋಗುತ್ತದೆ ಅಂತ ಕೇಳುವವರಿಗೆ 2012ರಲ್ಲಿ ಬಂದ, ಅದೇ ಕಂಪನಿಯ ಎಲ್‌ಎಸ್50 ತೋರಿಸುತ್ತೇನೆ. ಡ್ರೈವರ್ ಅಳತೆ ಕ್ಯೂ150ರದ್ದೇ, ಐದೂಕಾಲು ಇಂಚು. ಡಬ್ಬವೂ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಸೆನ್ಸಿಟಿವಿಟಿ 85, ಅಂದರೆ ಇನ್ನೂ ಮೆತ್ತಗೆ. ಪ್ಲಸ್ ಮೈನಸ್ 3ರ ಸಾಲಿನಲ್ಲಿ ಬಾಸ್ 79 ಹರ್ಟ್ಜ್‌ಗೇ ನಿಂತಿದೆ. ಕಾಗದದ ಮೇಲೆ ಈ ಎರಡು ಅಂಕಿಯಲ್ಲೂ ಹಿಂದೆ, ಬೆಲೆ ಮಾತ್ರ ಬಹಳ ಮುಂದೆ. ಬೆರಳಿನ ಗೆಣ್ಣಿನಿಂದ ಎರಡರ ಪಕ್ಕೆಗೂ ಒಮ್ಮೆ ಬಡಿದು ನೋಡಿ ಅನ್ನುತ್ತೇನೆ. ಕ್ಯೂ150 ಟೊಳ್ಳಾಗಿ ಟೊಕ್ ಅನ್ನುತ್ತದೆ, ಎಲ್‌ಎಸ್50 ಕಲ್ಲಿನ ಹಾಗೆ ಸುಮ್ಮನಿರುತ್ತದೆ. ತೂಕ 5.6 ಕಿಲೋ ಎದುರು 7.2. ಡಬ್ಬ ತಾನೂ ನಡುಗಿ ಹಾಡದಿದ್ದಾಗ ತಂಬೂರಿಯ ಎಳೆ ಗಾಯಕಿಯ ದನಿಯಿಂದ ಬೇರೆಯಾಗಿ ಕೇಳುತ್ತದೆ. ಆದರೆ ಒಳ್ಳೆಯ ಆಂಪ್ ಬೇಕು, ಸ್ಪೀಕರ್ ಹತ್ತಿರ ಕೂತು ಕೇಳಬೇಕು. ಅವೆರಡೂ ಆಗದವರಿಗೆ ಕ್ಯೂ150 ಕೊಟ್ಟು, ಉಳಿದ ದುಡ್ಡಿಗೆ ಸ್ಟ್ಯಾಂಡ್ ಮತ್ತು ಒಂದು ದಪ್ಪ ಜಮಖಾನ ತಗೊಳ್ಳಿ ಅನ್ನುತ್ತೇನೆ. ಟೈಲ್ಸ್ ನೆಲಕ್ಕೆ ಅದು ಬೇಕೇ ಬೇಕು.