ರಿವಾಲ್ವರ್ ರಿಪೇರಿ: ಅರ ಹಿಡಿಯುವ ಮೊದಲು ಸಿಲಿಂಡರಿನಲ್ಲಿ ನೋಡಬೇಕಾದ್ದು

ರಿವಾಲ್ವರ್ ಮೇಜಿಗೆ ಬಂದ ಕೂಡಲೇ ಸಿಲಿಂಡರಿನ, ಅಂದರೆ ತೋಟಾ ತುಂಬುವ ತಿರುಗುವ ಉರುಳೆಯ, ಒಂದೊಂದು ಚೇಂಬರನ್ನೂ (ತೋಟಾ ಕೂರುವ ತೂತು) ಕಣ್ಣಿಂದ ನೋಡಿ, ಖಾಲಿ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ತೀರಾ ನಿಧಾನವಾಗಿ ಹಿಂದಕ್ಕೆಳೆಯಿರಿ. ಇನ್ನೊಂದು ಕೈಯ ಬೆರಳು ಸಿಲಿಂಡರಿಗೆ ತಾಗಿ ಸ್ವಲ್ಪ ತಡೆ ಕೊಡುತ್ತಿರಲಿ.

ಹ್ಯಾಮರ್ ಏರುವಾಗ 'ಹ್ಯಾಂಡ್' ಎನ್ನುವ ಪುಟ್ಟ ಉಕ್ಕಿನ ತುಂಡು ಸಿಲಿಂಡರಿನ ಹಿಂಬದಿಯ ರ‍್ಯಾಚೆಟ್ ಹಲ್ಲನ್ನು ನೂಕುತ್ತದೆ. ಆರು ಚೇಂಬರಿದ್ದರೆ ಒಂದು ಸಲಕ್ಕೆ 60 ಡಿಗ್ರಿ, ಐದಿದ್ದರೆ 72. ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕೆಳಗಿನ ಬೋಲ್ಟ್ ಮೊದಲು ತಗ್ಗಿ ಅದನ್ನು ಬಿಡುತ್ತದೆ, ಮತ್ತೆ ಎದ್ದು ಸಿಲಿಂಡರಿನ ಮುಂದಿನ ಕಚ್ಚಿನಲ್ಲಿ ಕೂರುತ್ತದೆ. ಹ್ಯಾಮರ್ ಪೂರ್ತಿ ಏರಿ ನಿಲ್ಲುವಷ್ಟರಲ್ಲಿ ಇದು ಮುಗಿದಿರಲೇಬೇಕು. ಒಂದೇ ಚೇಂಬರಿನಲ್ಲಿ ತಡವಾದರೆ ರ‍್ಯಾಚೆಟ್ಟಿನ ಆ ಹಲ್ಲನ್ನು ನೋಡಿ. ಎಲ್ಲದರಲ್ಲೂ ತಡವಾದರೆ ಸಾಮಾನ್ಯವಾಗಿ ಹ್ಯಾಂಡ್ ಸವೆದಿರುತ್ತದೆ. ಟ್ರಿಗರನ್ನು ರಭಸದಿಂದ ಎಳೆದಾಗ ಸಿಲಿಂಡರ್ ತನ್ನ ಓಟದಲ್ಲೇ ಕಚ್ಚು ಸೇರಿಬಿಡುವುದರಿಂದ ಬಳಸುವವರಿಗೆ ಈ ದೋಷ ಗೊತ್ತಾಗುವುದಿಲ್ಲ. ಚೇಂಬರ್ ನಳಿಗೆಗೆ ನೇರ ಬರದಿದ್ದರೆ ಗುಂಡಿನ ಅಂಚು ಕೆರೆದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಅಪಾಯ ಇರುವುದು ಇಲ್ಲೇ.

ಆದರೂ ತಕ್ಷಣ ಅರ ಬೇಡ. ತೋಟಾ ಹೊರದಬ್ಬುವ ನಕ್ಷತ್ರದ ಅಡಿಯಲ್ಲಿ ಸುಡದೆ ಉಳಿದ ಮದ್ದಿನ ಕಾಳು ಸಿಕ್ಕಿಕೊಂಡರೂ ಸಿಲಿಂಡರ್ ಬಿಗಿಯುತ್ತದೆ. ಬ್ರಷ್ ಹಾಕಿ ಮತ್ತೆ ಪರೀಕ್ಷಿಸಿ. ಹ್ಯಾಂಡ್ ಬದಲಿಸಲೇಬೇಕಾದರೆ ಹೊಸದನ್ನು ಸಾಣೆಕಲ್ಲಿನಲ್ಲಿ ಚೂರುಚೂರೇ ಇಳಿಸಿ, ಪ್ರತಿ ಸಲವೂ ಎಲ್ಲ ಚೇಂಬರುಗಳಲ್ಲಿ ನೋಡಿ. ರ‍್ಯಾಚೆಟ್ ಹಲ್ಲು ಮುಟ್ಟಬೇಡಿ. ಅಲ್ಲಿ ಹೆಚ್ಚು ತೆಗೆದರೆ ಸಿಲಿಂಡರೇ ಕೆಟ್ಟಂತೆ.

ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಸಿಲಿಂಡರನ್ನು ಮುಂದಕ್ಕೆ ಒತ್ತಿ ಒಮ್ಮೆ, ಹಿಂದಕ್ಕೆ ಒತ್ತಿ ಒಮ್ಮೆ ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿಗಳು) ಅಳೆಯಿರಿ. ಎರಡರ ವ್ಯತ್ಯಾಸವೇ ಹಿಂದು-ಮುಂದಿನ ಸಡಿಲ. ಸಂದು ಕಡಿಮೆಯಾದರೆ ಮಸಿ ಮತ್ತು ಕಾವಿಗೆ ಸಿಲಿಂಡರ್ ಹಿಡಿಯುತ್ತದೆ, ಹೆಚ್ಚಾದರೆ ಅನಿಲ ಸೋರಿ ಗುಂಡಿನ ವೇಗ ತಗ್ಗುತ್ತದೆ. 1895ರ ನಗಾನ್ ರಿವಾಲ್ವರ್ ಹ್ಯಾಮರ್ ಏರುವಾಗಲೇ ಸಿಲಿಂಡರನ್ನು ಮುಂದಕ್ಕೆ ದೂಡಿ ಈ ಸಂದನ್ನೇ ಮುಚ್ಚುತ್ತಿತ್ತು. ಜಾಣ ಏರ್ಪಾಟು, ಆದರೆ ಅದರ ಭಾರಕ್ಕೆ ಟ್ರಿಗರ್ ತುಂಬಾ ಗಟ್ಟಿ.

ಹಳೆಯ ಮಾದರಿ ಬಂದರೆ ಅದರ ಕಾಲ ತಿಳಿದಿರಬೇಕು, ಏಕೆಂದರೆ ಕೆಡುವ ಜಾಗ ಬೇರೆ. ಹ್ಯಾಮರ್ ಎಳೆತಕ್ಕೇ ಸಿಲಿಂಡರ್ ತಿರುಗಿ ಬಿಗಿಯುವ ವ್ಯವಸ್ಥೆಗೆ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಆ ಕಾಲದ, ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಕ್ಯಾಪನ್ನು ಬೇರೆಯಾಗಿ ಹಾಕುತ್ತಿದ್ದ ಕ್ಯಾಪ್ ರಿವಾಲ್ವರುಗಳಲ್ಲಿ ಒಡೆದ ಕ್ಯಾಪಿನ ಚೂರು ಒಳಗೆ ಬಿದ್ದು ಎಲ್ಲವೂ ನಿಂತುಬಿಡುತ್ತಿತ್ತು. ಹಿಂದಿನಿಂದಲೇ ತೋಟಾ ತುಂಬುವಂತೆ ಆರಪಾರ ಕೊರೆದ ಸಿಲಿಂಡರಿನ ಪೇಟೆಂಟ್ ರೋಲಿನ್ ವೈಟ್‌ನದು, 1855. ಸ್ಮಿತ್ ಅಂಡ್ ವೆಸನ್ 1857ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು.

ಕೋಲ್ಟ್ ಕಂಪನಿಯ 1889ರ ಮಾದರಿಯಿಂದ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳತೊಡಗಿತು. ಅದನ್ನು ಹೊತ್ತಿರುವ ತೋಳನ್ನು ವಿಶೇಷವಾಗಿ ಗಮನಿಸಿ. ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚುವ ಚಟವಿದ್ದವರ ಕೈಯಲ್ಲಿ ಈ ತೋಳು ಬಾಗುತ್ತದೆ. ಆಗ ಹ್ಯಾಂಡ್ ಹೊಸದಾದರೂ ಬೋಲ್ಟ್ ಚೆನ್ನಾಗಿದ್ದರೂ ಚೇಂಬರ್ ನಳಿಗೆಗೆ ನೇರ ಬರುವುದಿಲ್ಲ.