ಪೆಪ್ಟೈಡ್ ರಿಂಗ್ ಮುಚ್ಚಲು ಎಂಜೈಮ್ ಯಾಕೆ?

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ರೋಗಾಣು ಕೊಲ್ಲುವ ಪೆಪ್ಟೈಡಿನ (ಅಮೈನೋ ಆಮ್ಲಗಳ ಸರಪಳಿಯ) ಎರಡು ತುದಿಗಳನ್ನು ಕಪ್ಲಿಂಗ್ ರಿಯೇಜೆಂಟ್ (ಕೊಂಡಿ ಕೂಡಿಸುವ ರಾಸಾಯನಿಕ) ಹಾಕಿಯೇ ಸೇರಿಸಬಹುದಲ್ಲ, ಎಂಜೈಮ್ ಯಾಕೆ ಬೇಕು?"

ಸೇರಿಸಬಹುದು. ಗ್ರಾಮಿಸಿಡಿನ್ ಎಸ್‌ನಂಥ 10 ಅಮೈನೋ ಆಮ್ಲಗಳ ರಿಂಗ್ ಹಾಗೆಯೇ ಚೆನ್ನಾಗಿ ಮುಚ್ಚುತ್ತದೆ. ಅದಕ್ಕೆ ಎಂಜೈಮ್ ಹುಡುಕಿಕೊಂಡು ಹೋಗಬೇಡಿ. ತೊಡಕು ಇರುವುದು ಲೈಸಿನ್ ಎಂಬ ಅಮೈನೋ ಆಮ್ಲ ತುಂಬಿದ ಉದ್ದದ ಸರಪಳಿಗಳಲ್ಲಿ. ಲೈಸಿನ್‌ನ ಬದಿಯ ಅಮೈನ್ ನಡುವೆ ಬಂದು ಸೇರದಂತೆ ತಡೆಯುವ ಪ್ರೊಟೆಕ್ಟಿಂಗ್ ಗುಂಪುಗಳನ್ನು ಇಟ್ಟುಕೊಂಡೇ ಮುಚ್ಚಬೇಕು, ಆಗ ಅದು ಸರಿಯಾಗಿ ಕರಗುವುದಿಲ್ಲ. ಕೊನೆಯ ಅಮೈನೋ ಆಮ್ಲ ಎಲ್ ರೂಪದಿಂದ ಅದರ ಕನ್ನಡಿ ಬಿಂಬವಾದ ಡಿ ರೂಪಕ್ಕೆ ಹೊರಳುವ ಭಯ ಬೇರೆ. ಎಂಜೈಮ್‌ಗೆ ನೀರೇ ಸಾಕು, ಲೈಸಿನ್ ಕಡೆ ಅದು ತಿರುಗಿಯೂ ನೋಡುವುದಿಲ್ಲ.

ನಮ್ಮ ಮೈಸೂರಿನ ಕಾಂಪೌಂಡುಗಳ ಮೇಲೆ ಹಬ್ಬುವ ಶಂಖಪುಷ್ಪದ ಕಾಯಲ್ಲೇ ಅಂಥದ್ದೊಂದಿದೆ: ಬ್ಯುಟಲೇಸ್-1. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ಪ್ರಕಟಿಸಿದರು. ಹಾಗಂತ ಕಾಯಿ ಅರೆದು ರಸ ಸುರಿಯಬೇಡಿ. ಅದರಲ್ಲಿರುವ ಪ್ರೋಟಿಯೇಸ್‌ಗಳು ನಿಮ್ಮ ಪೆಪ್ಟೈಡನ್ನೇ ತಿಂದುಹಾಕುತ್ತವೆ. ಶುದ್ಧೀಕರಿಸಿದ ಎಂಜೈಮೇ ಬೇಕು.

ಸರಪಳಿಯನ್ನು ಎಂದಿನಂತೆ ರೆಸಿನ್ ಎಂಬ ಘನ ಕಣಗಳ ಮೇಲೆ ಕಟ್ಟಿ, ಕೊನೆಗೆ ಆಸ್ಪರಜಿನ್-ಹಿಸ್ಟಿಡಿನ್-ವ್ಯಾಲಿನ್ ಬರಲಿ. ಮೊದಲ ಸ್ಥಾನದಲ್ಲಿ ಪ್ರೋಲಿನ್ ಬೇಡ. ಎಂಜೈಮ್ ಆಸ್ಪರಜಿನ್ ಆದಮೇಲೆ ಕತ್ತರಿಸಿ, ಕೊನೆಯ ಎರಡನ್ನು ಬಿಸಾಕಿ, ಉಳಿದದ್ದನ್ನು ಮುಂದಿನ ತುದಿಗೆ ಹೊಲಿಯುತ್ತದೆ. ಆಸ್ಪರಜಿನ್ ರಿಂಗ್‌ನಲ್ಲೇ ಉಳಿಯುವುದರಿಂದ, ಅದಿದ್ದರೂ ಕೆಡದ ಜಾಗ ನೋಡಿ ಮುಚ್ಚಬೇಕು.

20 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 6, ಪೆಪ್ಟೈಡ್ 50 ಮೈಕ್ರೋಮೋಲಾರ್, ಎಂಜೈಮ್ 0.25 ಮೈಕ್ರೋಮೋಲಾರ್, 37 ಡಿಗ್ರಿ. ಪೆಪ್ಟೈಡಿನ ಅಣುತೂಕ 1,500 ಡಾಲ್ಟನ್ ಆದರೆ 10 ಮಿಲಿಲೀಟರಿಗೆ 0.75 ಮಿಲಿಗ್ರಾಂ. ಜಾಸ್ತಿ ಸಿಗಲಿ ಎಂದು ಗಾಢ ಮಾಡಿದರೆ ಎರಡು ಸರಪಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೆಪ್ಟೈಡ್ ಹಾಕಿದ ಮೇಲೆ ಪಿಎಚ್ ಮತ್ತೊಮ್ಮೆ ನೋಡಿ: ಶುದ್ಧೀಕರಣದಲ್ಲಿ ಅಂಟಿಬಂದ ಆಮ್ಲವಾದ ಟಿಎಫ್‌ಎ ಅದನ್ನು ಕೆಳಗೆಳೆಯುತ್ತದೆ, ಪಿಎಚ್ ಇಳಿದಷ್ಟೂ ಎಂಜೈಮ್ ಹೊಲಿಯುವುದು ಬಿಟ್ಟು ಬರೀ ಕತ್ತರಿಸತೊಡಗುತ್ತದೆ.

ಅಣುತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ನೋಡುವಾಗ ಹಲವರು ಇಲ್ಲೇ ಎಡವುತ್ತಾರೆ. ರಿಂಗ್ ಆಗಿದ್ದರೆ ತೂಕ 254 ಡಾಲ್ಟನ್ ಇಳಿಯಬೇಕು. 236 ಮಾತ್ರ ಇಳಿದಿದ್ದರೆ ಕತ್ತರಿಸಿದ್ದಷ್ಟೇ, ಮುಚ್ಚಿಲ್ಲ. ನಡುವಿನ 18 ಒಂದು ನೀರಿನ ಅಣು. ಆಗ ಎಂಜೈಮ್ ಕಡಿಮೆ ಮಾಡಿ, ಎಂಜೈಮ್ ಪೂರ್ತಿ ನಿಲ್ಲುವಷ್ಟು ಆಮ್ಲ ಹಾಕಿ ಬೇಗ ನಿಲ್ಲಿಸಿ.

ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸುವ ಮುನ್ನ ಟಿಎಫ್‌ಎ ಹೋಗಿ ಆ ಜಾಗಕ್ಕೆ ಕ್ಲೋರೈಡ್ ಬರಲಿ. ಪ್ಲೇಟ್ ಪಾಲಿಪ್ರೊಪಿಲೀನ್‌ದೇ ಇರಲಿ. ಪಾಲಿಸ್ಟೈರೀನ್‌ಗೆ ಧನ ಆವೇಶದ ಪೆಪ್ಟೈಡ್ ಅಂಟಿಕೊಂಡು, ಒಳ್ಳೆಯ ಪೆಪ್ಟೈಡೂ ಕೈಲಾಗದ್ದರಂತೆ ಕಾಣುತ್ತದೆ.